ಗ್ರಾಫಿಕ್ಸ್ ಕಾರ್ಡ್ ಯಾಕೆ ಅರಚುತ್ತದೆ?

2003ರ ಆರಂಭದಲ್ಲಿ ಅಂಗಡಿಗೆ ಬಂದ ಎನ್ವಿಡಿಯಾ ಕಂಪನಿಯ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಂಬ ಗ್ರಾಫಿಕ್ಸ್ ಕಾರ್ಡ್ ವೇಗಕ್ಕಿಂತ ಸದ್ದಿನಿಂದಲೇ ಹೆಚ್ಚು ಹೆಸರು ಮಾಡಿತು. ಗೇಮ್ ಶುರುವಾದದ್ದೇ ತಡ, ಅದರ ಪುಟ್ಟ ಫ್ಯಾನ್ ಕಿರುಚತೊಡಗುತ್ತಿತ್ತು. ಜನ ಅದಕ್ಕೆ ‘ಡಸ್ಟ್‌ಬಸ್ಟರ್’ ಎಂದು ಅಡ್ಡಹೆಸರಿಟ್ಟರು. ಅದು ಅಮೆರಿಕದ ಮನೆಗಳಲ್ಲಿ ಬಳಸುವ ಒಂದು ಕೈ ವ್ಯಾಕ್ಯೂಮ್ ಕ್ಲೀನರಿನ ಹೆಸರು. ಕೊನೆಗೆ ಕಂಪನಿಯವರೇ ತಮ್ಮನ್ನು ಗೇಲಿ ಮಾಡಿಕೊಂಡು, ಆ ಕಾರ್ಡಿನಿಂದ ತರಗೆಲೆ ಊದುವ ದೃಶ್ಯವಿರುವ ವಿಡಿಯೊ ಒಂದನ್ನು ಹೊರತಂದರು.

ಅಲ್ಲಿಂದೀಚೆಗೆ ಫ್ಯಾನುಗಳು ದೊಡ್ಡವಾದವು, ಸದ್ದು ತಗ್ಗಿತು. ಆದರೆ ಶಾಖ ತಗ್ಗಲಿಲ್ಲ. 2016ರ ಜಿಟಿಎಕ್ಸ್ 1080 ಕಾರ್ಡಿನ ವಿದ್ಯುತ್ ಮಿತಿ 180 ವಾಟ್ ಇತ್ತು. 2022ರ ಆರ್‌ಟಿಎಕ್ಸ್ 4090ಕ್ಕೆ ಅದು 450 ಆಯಿತು. 2025ರ 5090ಕ್ಕೆ 575. ಹೀಗೆ ಕುಡಿದ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ಅದರಲ್ಲಿ ಬಹುಪಾಲನ್ನು ಅಂಗೈ ಅಗಲವೂ ಇಲ್ಲದ ಒಂದು ಚಿಪ್ಪಿನಿಂದ ಎತ್ತಿ ಕೋಣೆಯ ಗಾಳಿಗೆ ಸೇರಿಸಬೇಕು. ಸದ್ದು ಹುಟ್ಟುವುದು ಆ ಕೆಲಸದಲ್ಲಿ.

ಫ್ಯಾನ್ ಅರಚಿತೆಂದರೆ ನಮ್ಮಲ್ಲಿ ಮೊದಲು ಅನುಮಾನ ಹೋಗುವುದು ಫ್ಯಾನಿನ ಮೇಲೆಯೇ. ಪಾಪ, ಅದರದು ಕಟ್ಟಕಡೆಯ ಕೆಲಸ. ಶಾಖ ಚಿಪ್ಪಿನಿಂದ ಹೊರಟು ಥರ್ಮಲ್ ಪೇಸ್ಟ್, ತಾಮ್ರದ ತಳ, ಹೀಟ್ ಪೈಪುಗಳು, ಅಲ್ಯೂಮಿನಿಯಂ ರೆಕ್ಕೆಗಳನ್ನು ದಾಟಿದ ಮೇಲಷ್ಟೇ ಫ್ಯಾನಿನ ಗಾಳಿಗೆ ಸಿಗುತ್ತದೆ. ಆಮೇಲೂ ಕ್ಯಾಬಿನೆಟ್ಟಿನಿಂದ ಹೊರಬೀಳಬೇಕು, ಕೋಣೆಯಲ್ಲಿ ಕರಗಬೇಕು. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಚಿಪ್ಪಿನ ಉಷ್ಣತೆ ಏರುತ್ತದೆ, ಅದನ್ನು ಕಂಡು ಫ್ಯಾನ್ ಓಟ ಹೆಚ್ಚಿಸುತ್ತದೆ. ತಡೆ ಎಲ್ಲಿದೆ ಎಂದು ಹುಡುಕುವುದೇ ದುರಸ್ತಿಯ ಮುಕ್ಕಾಲು ಪಾಲು.

ಹುಡುಕಾಟ ಕೋಣೆಯಿಂದಲೇ ಶುರುವಾಗಲಿ. ಯಾವ ಫ್ಯಾನೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದರಿಂದ ಸಾಧ್ಯವಿರುವುದು ಎರಡರ ನಡುವಿನ ಅಂತರವನ್ನು ಕಡಿಮೆ ಮಾಡುವುದಷ್ಟೆ. 25 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿ ತೋರಿಸುವ ಕಾರ್ಡು, ಅದೇ ಗೇಮ್ ಮತ್ತು ಅದೇ ಫ್ಯಾನ್ ವೇಗದಲ್ಲಿ, 38 ಡಿಗ್ರಿಯ ಕೋಣೆಯಲ್ಲಿ ಸುಮಾರು 88 ತೋರಿಸುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯವರು ತಂಪು ದೇಶದ ವಿಮರ್ಶಕರು ಕೊಟ್ಟ ಅಂಕಿಗಳನ್ನು ನೋಡಿ ತಮ್ಮ ಕಾರ್ಡ್ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಕೋಣೆಯ ಉಷ್ಣತೆಯನ್ನು ಕಳೆದು ಹೋಲಿಸಿದರೆ ಸಾಕು.

ಮುಂದಿನದು ಕ್ಯಾಬಿನೆಟ್. ಇಲ್ಲಿ ಒಂದು ಸರಳ ಪರೀಕ್ಷೆಯಿದೆ. ಅರ್ಧ ಗಂಟೆ ಗೇಮ್ ಆಡಿ ಉಷ್ಣತೆ ಏರುವುದು ನಿಂತ ಮೇಲೆ ಅಂಕಿ ಬರೆದಿಟ್ಟುಕೊಳ್ಳಿ. ಪಕ್ಕದ ಬಾಗಿಲು ತೆಗೆದು ಮತ್ತೆ ಅಷ್ಟೇ ಹೊತ್ತು ಆಡಿ. ಹತ್ತು ಡಿಗ್ರಿಯಷ್ಟು ಇಳಿಯಿತೋ, ಕಾರ್ಡ್ ಚೆನ್ನಾಗಿಯೇ ಇದೆ, ಪೆಟ್ಟಿಗೆಗೆ ಉಸಿರಾಟ ಸಾಲದು. ಹೆಚ್ಚು ಬದಲಾಗದಿದ್ದರೆ ತೊಂದರೆ ಕಾರ್ಡಿನೊಳಗಿದೆ. ಜಿಪಿಯು-ಝಡ್, ಎಚ್‌ಡಬ್ಲ್ಯುಇನ್ಫೊದಂಥ ಉಚಿತ ತಂತ್ರಾಂಶಗಳು ಈ ಅಂಕಿಗಳನ್ನೆಲ್ಲ ತೋರಿಸುತ್ತವೆ.

ನಮ್ಮ ಕಡೆಯ ಕಂಪ್ಯೂಟರ್ ಟೇಬಲ್ಲುಗಳದ್ದೇ ಒಂದು ಕಥೆ. ಕ್ಯಾಬಿನೆಟ್ ಇಡಲೆಂದು ಕೆಳಗೆ ಮೂರು ಕಡೆ ಮುಚ್ಚಿದ ಗೂಡು ಮಾಡಿರುತ್ತಾರೆ. ಹಿಂದೆ ಹೊರಬಿದ್ದ ಬಿಸಿಗಾಳಿ ಗೂಡಿನೊಳಗೇ ಸುತ್ತಿ ಮುಂದಿನಿಂದ ಮತ್ತೆ ಒಳಸೇರುತ್ತದೆ. ಪೆಟ್ಟಿಗೆಯನ್ನು ಆ ಗೂಡಿನಿಂದ ಬಿಡಿಸಿ ಹೊರಗಿಟ್ಟರೆ ಖರ್ಚಿಲ್ಲದೆ ಎಷ್ಟೋ ಡಿಗ್ರಿ ಇಳಿಯುತ್ತದೆ.

ಇನ್ನು ದೂಳು. ಟಾರ್ಚ್ ಹಿಡಿದು ಫ್ಯಾನಿನ ಅಲಗುಗಳ ಸಂದಿಯಲ್ಲಿ ಇಣುಕಿದರೆ, ರೆಕ್ಕೆಗಳ ಬಾಯಿಗೆ ಬೂದುಬಣ್ಣದ ಕಂಬಳಿಯಂತೆ ಅಂಟಿ ಕೂತಿರುವುದು ಕಾಣುತ್ತದೆ. ಒಣ ದೂಳಾದರೆ ಬ್ಲೋವರಿಗೆ ಹಾರಿಹೋಗುತ್ತದೆ. ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ ಸೇರಿದ್ದು ಮೆತ್ತಗೆ ಬ್ರಷ್ ಆಡಿಸದೆ ಬಿಡುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಅಲಗನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಊದಬೇಕು. ಹಿಡಿಯದಿದ್ದರೆ ಫ್ಯಾನ್ ತನ್ನ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ದೂಳಿಗೆ ಮಾಡಿದ ಚಿಕಿತ್ಸೆಯಿಂದಲೇ ಹೊಸ ಕಾಯಿಲೆ ಹತ್ತಿದ ಕಾರ್ಡುಗಳು ಕಡಿಮೆಯೇನಿಲ್ಲ.

ಕಾರ್ಡಿನೊಳಗಿನ ತಡೆ ಕಣ್ಣಿಗೆ ಕಾಣುವುದಿಲ್ಲ, ಅಂಕಿಯಲ್ಲಿ ಕಾಣುತ್ತದೆ. ಚಿಪ್ಪಿನ ಸಾಮಾನ್ಯ ಉಷ್ಣತೆಯ ಜೊತೆ ‘ಹಾಟ್‌ಸ್ಪಾಟ್’, ಅಂದರೆ ಅದರ ಅತಿ ಬಿಸಿಯಾದ ಜಾಗದ ಉಷ್ಣತೆಯನ್ನೂ ಹಲವು ಕಾರ್ಡುಗಳು ತಿಳಿಸುತ್ತವೆ. ಎರಡರ ನಡುವೆ ಹತ್ತು-ಇಪ್ಪತ್ತು ಡಿಗ್ರಿ ಅಂತರ ಸಹಜ. ಮೂವತ್ತು ದಾಟಿತೆಂದರೆ ಪೇಸ್ಟ್ ಒಣಗಿರಬಹುದು, ಚಿಪ್ ಕಾದು ಆರುವಾಗಿನ ಹಿಗ್ಗು-ಕುಗ್ಗಿಗೆ ಅಂಚಿಗೆ ಸರಿದಿರಬಹುದು, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿರಲಿಕ್ಕಿಲ್ಲ.

ಈ ಅಂತರ ಎಷ್ಟು ದೊಡ್ಡ ಗುಟ್ಟನ್ನು ಬಿಟ್ಟುಕೊಡಬಲ್ಲದು ಎನ್ನುವುದಕ್ಕೆ ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಸಾಕ್ಷಿ. 2022ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಈ ಕಾರ್ಡನ್ನು ಕೊಂಡ ಕೆಲವರಿಗೆ ಸಾಮಾನ್ಯ ಉಷ್ಣತೆ ಹದವಾಗಿದ್ದರೂ ಹಾಟ್‌ಸ್ಪಾಟ್ 110 ಡಿಗ್ರಿ ಮುಟ್ಟುತ್ತಿತ್ತು, ಫ್ಯಾನ್ ಬೊಬ್ಬೆ ಹಾಕುತ್ತಿತ್ತು. ‘ಡೆರ್ ಬಾವರ್’ ಎಂಬ ಹೆಸರಿನಿಂದ ಪರಿಚಿತರಾದ ಜರ್ಮನಿಯ ರೋಮನ್ ಹಾರ್ಟುಂಗ್ ಅಂಥ ಕಾರ್ಡುಗಳನ್ನು ತರಿಸಿಕೊಂಡು, ಮಲಗಿಸಿ, ನಿಲ್ಲಿಸಿ ಪರೀಕ್ಷಿಸಿದರು. ಭಂಗಿ ಬದಲಾದರೆ ಉಷ್ಣತೆಯೂ ಬದಲಾಗುತ್ತಿತ್ತು. ಪೇಸ್ಟಿನ ದೋಷಕ್ಕೆ ಭಂಗಿಯ ಹಂಗಿರುವುದಿಲ್ಲ. ಹಾಗಾಗಿ ಸಂಶಯ ತಳದ ವೇಪರ್ ಚೇಂಬರಿನ ಮೇಲೆ ನಿಂತಿತು.

ವೇಪರ್ ಚೇಂಬರ್ ಎಂದರೆ ಗಾಳಿ ತೆಗೆದು ಒಂದಿಷ್ಟೇ ನೀರು ಹಾಕಿ ಮುಚ್ಚಿದ ಚಪ್ಪಟೆ ತಾಮ್ರದ ಡಬ್ಬಿ. ಚಿಪ್ಪಿನ ಮೇಲೆ ನೀರು ಆವಿಯಾಗಿ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವ ಹಾಗೆ ತಣ್ಣನೆಯ ಭಾಗದಲ್ಲಿ ಹನಿಗಟ್ಟಿ, ಬತ್ತಿಯಂಥ ಪದರದ ಮೂಲಕ ಮರಳಿ ಬರುತ್ತದೆ. ಮರಳುವ ನೀರು ಸಾಲದಿದ್ದರೆ ಬಿಸಿಯಾದ ಜಾಗ ಒಣಗಿಬಿಡುತ್ತದೆ. 2023ರ ಜನವರಿಯಲ್ಲಿ ಎಎಂಡಿ ಒಪ್ಪಿಕೊಂಡದ್ದೂ ಅದನ್ನೇ: ಕೆಲವು ವೇಪರ್ ಚೇಂಬರುಗಳಲ್ಲಿ ಸಾಕಷ್ಟು ನೀರಿರಲಿಲ್ಲ. ಎಷ್ಟು ಫ್ಯಾನ್ ತಿರುಗಿಸಿದರೂ, ಎಷ್ಟು ಪೇಸ್ಟ್ ಬಳಿದರೂ ವಾಸಿಯಾಗುವ ರೋಗವಾಗಿರಲಿಲ್ಲ ಅದು. ಕಾರ್ಡ್ ಬದಲಿಸಿಯೇ ಕೊಡಬೇಕಾಯಿತು.

ಫ್ಯಾನಿನ ಓಟ ಹೆಚ್ಚಿಸುವುದು ಎಷ್ಟು ದುಬಾರಿ ಉಪಾಯ ಎಂಬುದಕ್ಕೆ ಲೆಕ್ಕವಿದೆ. ವೇಗ ಇಮ್ಮಡಿಯಾದರೆ ಗಾಳಿಯೂ ಇಮ್ಮಡಿಯಾಗುತ್ತದೆ, ನಿಜ. ಆದರೆ ಫ್ಯಾನ್ ಬೇಡುವ ಶಕ್ತಿ ಎಂಟು ಪಟ್ಟಾಗುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಹತ್ತು ಡೆಸಿಬೆಲ್ ಏರಿದರೇ ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ.

ಅದಕ್ಕಿಂತ ಶಾಖವನ್ನೇ ಹುಟ್ಟಿಸದಿರುವುದು ಜಾಣತನ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಗೇಮ್ ಬಂದಾಗ ವಿಚಿತ್ರ ದೂರೊಂದು ಕೇಳಿಬಂತು: ಯುದ್ಧ ನಡೆಯುವಾಗಲ್ಲ, ಸುಮ್ಮನೆ ಮೆನು ತೆರೆದಿಟ್ಟಾಗ ಕಾರ್ಡ್ ಕಾಯುತ್ತಿತ್ತು. ಮೆನು ಬರೆಯುವುದು ಹಗುರ ಕೆಲಸ. ಮಿತಿ ಹಾಕದ್ದರಿಂದ ಕಾರ್ಡು ಅದೇ ಚಿತ್ರವನ್ನು ಪುರಸೊತ್ತಿಲ್ಲದೆ ಮತ್ತೆ ಮತ್ತೆ ಬರೆಯುತ್ತಿತ್ತು. ತಯಾರಕರಾದ ಬ್ಲಿಝಾರ್ಡ್ ಸೂಚಿಸಿದ ಪರಿಹಾರ ಸೆಟ್ಟಿಂಗ್ಸ್ ಫೈಲಿಗೆ ಸೇರಿಸಬೇಕಾದ ಎರಡು ಸಾಲು: ಆಟದಲ್ಲಿ ಸೆಕೆಂಡಿಗೆ 60 ಫ್ರೇಮ್, ಮೆನುವಿನಲ್ಲಿ 30. ಈಗ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನಲ್ಲೇ ಈ ಮಿತಿ ಹಾಕುವ ಅವಕಾಶವಿದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಮಾನಿಟರಿಗೆ 200 ಬರೆದುಕೊಡುವುದು ಹೆಚ್ಚಿನವರ ಮಟ್ಟಿಗೆ ದಂಡದ ಕೆಲಸ.

ಇನ್ನೊಂದು ದಾರಿ ಅಂಡರ್‌ವೋಲ್ಟಿಂಗ್. ಚಿಪ್ಪಿನ ಸ್ವಿಚ್ಚುಗಳು ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದೇ ವೇಗದಲ್ಲಿ 1.05 ವೋಲ್ಟನ್ನು 0.95ಕ್ಕೆ ಇಳಿಸಿದರೆ ಆ ಪಾಲು ಶೇ 18ರಷ್ಟು ಕಡಿಮೆಯಾಗುತ್ತದೆ. ದುರ್ಬಲ ಚಿಪ್ಪೂ ಕೆಲಸ ಮಾಡಲೆಂದು ತಯಾರಕರು ವೋಲ್ಟೇಜನ್ನು ಕೊಂಚ ಧಾರಾಳವಾಗಿಯೇ ಇಟ್ಟಿರುವುದರಿಂದ ಇಳಿಸಲು ಸಾಮಾನ್ಯವಾಗಿ ಜಾಗವಿರುತ್ತದೆ. ಹೆಚ್ಚು ಇಳಿಸಿದರೆ ಗೇಮ್ ಕ್ರ್ಯಾಶ್ ಆಗುತ್ತದೆ. ಒಂದು ಮೆಟ್ಟಿಲು ಹಿಂದೆ ಹೋದರಾಯಿತು.

ಎಲ್ಲ ಸದ್ದೂ ಗಾಳಿಯದ್ದಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಬಳಸಿ ಫ್ಯಾನ್ ವೇಗವನ್ನು ಒಂದೇ ಅಂಕಿಗೆ ಕಟ್ಟಿಹಾಕಿ ಕಿವಿಗೊಡಿ. ಗೇಮ್ ಇಲ್ಲದಾಗಲೂ ಟಕಟಕ, ಗರಗರ ಎಂದರೆ ಬೇರಿಂಗ್ ಸವೆದಿದೆ ಅಥವಾ ಯಾವುದೋ ವೈರ್ ಅಲಗಿಗೆ ತಾಗುತ್ತಿದೆ. ಫ್ಯಾನ್ ವೇಗ ಹಾಗೇ ಇದ್ದು, ಫ್ರೇಮುಗಳ ಏರಿಳಿತಕ್ಕೆ ತಕ್ಕಂತೆ ಸಣ್ಣ ‘ಚೀಂಯ್’ ಸ್ವರ ಬದಲಾದರೆ ಅದು ಕಾಯಿಲ್ ವೈನ್, ವಿದ್ಯುತ್ ಸುರುಳಿಗಳ ಕಂಪನ. ಕೇಳಲು ಕಿರಿಕಿರಿಯೇ ಹೊರತು ಅದರಿಂದ ಕಾರ್ಡಿಗೆ ಅಪಾಯವಿಲ್ಲ. ಫ್ರೇಮ್ ಮಿತಿ ಹಾಕಿದರೆ ಎಷ್ಟೋ ತಗ್ಗುತ್ತದೆ.

ಅಪರೂಪಕ್ಕೆ ತಪ್ಪು ತಂತ್ರಾಂಶದ್ದೇ ಆಗಿರುವುದೂ ಉಂಟು. 2010ರ ಮಾರ್ಚಿನಲ್ಲಿ ಎನ್ವಿಡಿಯಾ ತನ್ನ 196.75 ಡ್ರೈವರನ್ನು ಹಿಂದಕ್ಕೆ ಪಡೆಯಿತು. ಅದು ಕೆಲವು ಕಾರ್ಡುಗಳ ಫ್ಯಾನ್ ನಿಯಂತ್ರಣವನ್ನೇ ಕೆಡಿಸಿ ಚಿಪ್ ಕಾಯುವಂತೆ ಮಾಡಿತ್ತು. ಡ್ರೈವರ್ ಬದಲಿಸಿದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಹಳೆಯದಕ್ಕೆ ಮರಳಿ ನೋಡಬೇಕು.

ವಾರಂಟಿ ಉಳಿದಿರುವ ಕಾರ್ಡಿನ ಹೀಟ್‌ಸಿಂಕ್ ಬಿಚ್ಚಿ ಪೇಸ್ಟ್ ಹಚ್ಚಲು ಹೊರಡುವ ಮುನ್ನ ಷರತ್ತುಗಳನ್ನು ಓದಿಕೊಳ್ಳಿ. ಕೋಣೆಯ ಉಷ್ಣತೆ, ಚಿಪ್ಪಿನ ಉಷ್ಣತೆ, ಹಾಟ್‌ಸ್ಪಾಟ್, ಫ್ಯಾನ್ ವೇಗ, ಈ ನಾಲ್ಕನ್ನೂ ಒಂದೇ ಸ್ಕ್ರೀನ್‌ಶಾಟಿನಲ್ಲೋ ಚೀಟಿಯಲ್ಲೋ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ. ‘ತುಂಬಾ ಬಿಸಿಯಾಗುತ್ತೆ ಸಾರ್’ ಎನ್ನುವ ದೂರಿಗಿಂತ ಆ ನಾಲ್ಕು ಅಂಕಿಗಳನ್ನು ಅಲ್ಲಗಳೆಯುವುದು ಅವರಿಗೆ ಕಷ್ಟ.