ಸರ್ವಾಧಿಕಾರಿಯ ವಿರುದ್ಧ ಯುದ್ಧ, ಜೊತೆಗೆ ಉಗ್ರಗಾಮಿಗಳು: ಸಿರಿಯಾವನ್ನು ಚರ್ಚಿಸುವುದು ಹೇಗೆ?



ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಇಂಥದೊಂದು ವಿಷಯ ಬಂದಿದೆಯೆಂದು ಇಟ್ಟುಕೊಳ್ಳಿ: ‘ಸರ್ವಾಧಿಕಾರಿಯನ್ನು ಇಳಿಸುವ ಅಂತರ್ಯುದ್ಧದಲ್ಲಿ ಉಗ್ರಗಾಮಿಗಳು ಸೇರಿಕೊಂಡರೆ ಆ ಹೋರಾಟವನ್ನು ಬೆಂಬಲಿಸಬಹುದೇ?’ ಪರವಾಗಿ ಎದ್ದವರು ಸರ್ವಾಧಿಕಾರಿಯ ಸೆರೆಮನೆಗಳನ್ನೂ ಬಾಂಬುಗಳನ್ನೂ ಎಣಿಸುತ್ತಾರೆ. ವಿರೋಧವಾಗಿ ಎದ್ದವರು ಉಗ್ರಗಾಮಿಗಳ ಆತ್ಮಾಹುತಿ ದಾಳಿಗಳನ್ನೂ ಶಿರಚ್ಛೇದನಗಳನ್ನೂ ಎಣಿಸುತ್ತಾರೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಇಬ್ಬರು ಹೇಳಿದ್ದೂ ನಿಜವೇ. ಆದರೆ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಲೇ ಇಲ್ಲ!

ಹೀಗಾಗುವುದಕ್ಕೆ ಕಾರಣವಿದೆ. ಈ ಒಂದು ವಿಷಯದೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಜನ ಏಕೆ ಎದ್ದರು? ಹೋರಾಟ ಯಾರ ಕೈಗೆ ಹೋಯಿತು, ಯಾವಾಗ ಹೋಯಿತು? ಹೊರಗಿನ ದೇಶಗಳು ಏನು ಮಾಡಬೇಕಿತ್ತು? ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಉತ್ತರವಾಗುವುದಿಲ್ಲ. ಸಿರಿಯಾ ದೇಶದ ಉದಾಹರಣೆಯನ್ನು ಎದುರಿಗಿಟ್ಟುಕೊಂಡು ಈ ಮೂರನ್ನೂ ಬೇರೆ ಬೇರೆಯಾಗಿ ನೋಡೋಣ.

ಜನ ಏಕೆ ಎದ್ದರು?

ಹಾಫೆಜ್ ಅಲ್ ಅಸ್ಸಾದ್ 1970ರಲ್ಲಿ ಸೇನಾಕ್ರಾಂತಿಯ ಮೂಲಕ ಸಿರಿಯಾದ ಅಧಿಕಾರ ಹಿಡಿದರು. ಅದಕ್ಕೂ ಮೊದಲೇ, 1963ರಿಂದಲೇ, ಅಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. 1982ರಲ್ಲಿ ಹಮಾ ನಗರದಲ್ಲಿ ಮುಸ್ಲಿಂ ಬ್ರದರ್‌ಹುಡ್ ಸಂಘಟನೆ ಸಶಸ್ತ್ರ ದಂಗೆ ಎಬ್ಬಿಸಿದಾಗ ಸರ್ಕಾರ ನಗರದ ಮೇಲೆಯೇ ಫಿರಂಗಿ ಹಾರಿಸಿತು. ಸಾವಿರಾರು ಜನ ಸತ್ತರು. 2000ದಲ್ಲಿ ಹಾಫೆಜ್ ತೀರಿಕೊಂಡಾಗ ಅವರ ಮಗ ಬಶರ್‌ಗೆ 34 ವರ್ಷ. ಅಧ್ಯಕ್ಷರಾಗಲು ಸಂವಿಧಾನದ ಪ್ರಕಾರ 40 ವರ್ಷ ತುಂಬಿರಬೇಕಿತ್ತು. ಸಂಸತ್ತು ಕೂಡಲೇ ಸೇರಿ ಆ 40ನ್ನು 34 ಎಂದು ತಿದ್ದಿತು. ಆ ದೇಶದಲ್ಲಿ ಕಾನೂನು ಯಾರಿಗಾಗಿ ಇತ್ತೆಂಬುದನ್ನು ಈ ಒಂದು ತಿದ್ದುಪಡಿಯಿಂದಲೇ ಊಹಿಸಬಹುದು.

2011ರ ಮಾರ್ಚ್‌ನಲ್ಲಿ ದಕ್ಷಿಣದ ದರಾ ಪಟ್ಟಣದಲ್ಲಿ ಸರ್ಕಾರದ ವಿರುದ್ಧ ಗೋಡೆಬರಹ ಬರೆದರೆಂದು ಶಾಲಾ ಹುಡುಗರನ್ನು ಹಿಡಿದು ಹಿಂಸಿಸಲಾಯಿತು. ಊರಿನವರು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಶವಯಾತ್ರೆಯೇ ಮರುದಿನದ ಮೆರವಣಿಗೆಯಾಯಿತು. ಮಾರ್ಚ್ 30ರಂದು ಬಶರ್ ಸಂಸತ್ತಿನಲ್ಲಿ ಮಾತನಾಡುತ್ತಾ ಇದೆಲ್ಲ ಪಿತೂರಿಗಾರರ ಕೆಲಸವೆಂದರು. ಈ ತಾರೀಖನ್ನು ನೆನಪಿಡಿ. ಐಸಿಸ್ ಎಂಬ ಹೆಸರನ್ನು ಜಗತ್ತು ಕೇಳಲು ಇನ್ನೂ ಎರಡು ವರ್ಷ ಬಾಕಿ ಇತ್ತು.

ಹೋರಾಟ ಯಾರ ಕೈಗೆ ಹೋಯಿತು?

ಮೊದಲ ತಿಂಗಳುಗಳಲ್ಲಿ ಬಂದೂಕು ಹಿಡಿದವರಲ್ಲಿ ಅನೇಕರು ಸೇನೆಯನ್ನು ಬಿಟ್ಟು ಬಂದ ಸೈನಿಕರು. ತಮ್ಮದೇ ಜನರ ಮೇಲೆ ಗುಂಡು ಹಾರಿಸಲಾರೆವೆಂದು ಹೊರಬಂದ ಇಂಥವರು 2011ರ ಜುಲೈನಲ್ಲಿ ‘ಮುಕ್ತ ಸಿರಿಯನ್ ಸೇನೆ’ಯನ್ನು ಘೋಷಿಸಿದರು. ಅದು ಹೆಸರಿಗೆ ಸೇನೆ. ವಾಸ್ತವವಾಗಿ ಊರೂರಿನ ತುಕಡಿಗಳ ಸಡಿಲ ಕೂಟ. ಹಣವಿಲ್ಲ, ಒಬ್ಬ ದಂಡನಾಯಕನಿಲ್ಲ.

ಅದೇ ವರ್ಷ ಸಯ್ದನಾಯಾ ಸೆರೆಮನೆಯಿಂದ ಸರ್ಕಾರ ಹಲವು ಉಗ್ರ ಧಾರ್ಮಿಕ ನಾಯಕರನ್ನು ಬಿಡುಗಡೆ ಮಾಡಿತು. ಅವರಲ್ಲಿ ಕೆಲವರು ಮುಂದೆ ಬಂಡುಕೋರ ಪಡೆಗಳನ್ನು ಕಟ್ಟಿದರು. ಹೋರಾಟಕ್ಕೆ ಮಸಿ ಬಳಿಯಲೆಂದೇ ಸರ್ಕಾರ ಹೀಗೆ ಮಾಡಿತೆಂದು ವಿರೋಧಿಗಳು ಆರೋಪಿಸಿದರು. ಇತ್ತ ಇರಾಕಿನ ಅಲ್ ಖೈದಾ ಶಾಖೆ ಅಬು ಮುಹಮ್ಮದ್ ಅಲ್ ಜೋಲಾನಿ ಎಂಬಾತನನ್ನು ಗಡಿ ದಾಟಿಸಿ ಕಳಿಸಿತು. 2012ರ ಜನವರಿಯಲ್ಲಿ ಆತನ ‘ನುಸ್ರಾ’ ಸಂಘಟನೆ ಬಹಿರಂಗವಾಗಿ ತಲೆ ಎತ್ತಿತು. ಯುದ್ಧದ ಅನುಭವ, ಶಿಸ್ತು, ಹಣ ಮೂರೂ ಅದರ ಬಳಿ ಇದ್ದವು. ಹಸಿದ, ನಿರಾಯುಧನಾದ ಹಳ್ಳಿಯ ಯುವಕನೊಬ್ಬ ಸಿದ್ಧಾಂತವನ್ನು ಒಪ್ಪದೆಯೂ ಅತ್ತ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಕೊಲ್ಲಿ ದೇಶಗಳಿಂದ, ತುರ್ಕಿಯ ಮಾರ್ಗವಾಗಿ ಬಂದ ನೆರವೂ ಧಾರ್ಮಿಕ ಗುಂಪುಗಳ ಕೈ ಬಲಪಡಿಸಿತು. ಸರ್ಕಾರದ ಕಡೆಗೂ ಹೊರಗಿನವರು ಬಂದರು: ಇರಾನ್, ಲೆಬನಾನಿನ ಹಿಜ್ಬುಲ್ಲಾ, 2015ರಿಂದ ರಷ್ಯಾದ ವಿಮಾನದಳ.

2013ರ ಏಪ್ರಿಲ್‌ನಲ್ಲಿ ಐಸಿಸ್ ಹುಟ್ಟಿತು. ನುಸ್ರಾ ಅದರೊಳಗೆ ಸೇರಲು ಒಪ್ಪಲಿಲ್ಲ. 2014ರ ಜನವರಿಯಲ್ಲಿ ಬಂಡುಕೋರರ ಹಲವು ಗುಂಪುಗಳು ಸೇರಿ ಐಸಿಸ್ ವಿರುದ್ಧವೇ ಕಾದಾಡಿದವು. ಆದ್ದರಿಂದ ‘ಬಂಡುಕೋರರೆಲ್ಲ ಉಗ್ರಗಾಮಿಗಳು’ ಎಂಬ ಮಾತು ನಿಲ್ಲುವುದಿಲ್ಲ. ‘ಉಗ್ರಗಾಮಿಗಳು ಎಲ್ಲೋ ನಾಲ್ಕು ಜನ’ ಎಂಬ ಮಾತೂ ನಿಲ್ಲುವುದಿಲ್ಲ. ವರ್ಷ ಹೇಳದೆ, ಗುಂಪಿನ ಹೆಸರು ಹೇಳದೆ ಆಡಿದ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇಬ್ಬರಿಗೂ ಬೇಡವಾದ ಒಂದು ದನಿಯ ಕಥೆಯನ್ನು ನೀವು ತಿಳಿಯಬೇಕು. ಇದ್ಲಿಬ್ ಪ್ರಾಂತದ ಕಫ್ರನ್‌ಬೆಲ್ ಎಂಬ ಸಣ್ಣ ಊರಿನಲ್ಲಿ ರಾಯಿದ್ ಫಾರಿಸ್ ಎಂಬವರು ಸರ್ವಾಧಿಕಾರಿಯನ್ನೂ ಉಗ್ರಗಾಮಿಗಳನ್ನೂ ಒಟ್ಟಿಗೆ ಗೇಲಿ ಮಾಡುವ ಫಲಕಗಳನ್ನು ಬರೆಯುತ್ತಿದ್ದರು, ಒಂದು ರೇಡಿಯೋ ಕೇಂದ್ರವನ್ನೂ ನಡೆಸುತ್ತಿದ್ದರು. ಸಂಗೀತ ಬೇಡ, ಹೆಂಗಸರ ದನಿ ಬೇಡ ಎಂದು ನುಸ್ರಾದವರು ಆಜ್ಞೆ ಮಾಡಿದರು. ಅವರು ಸಂಗೀತದ ಜಾಗದಲ್ಲಿ ಕೋಳಿಯ, ಆಡಿನ ಕೂಗನ್ನು ಪ್ರಸಾರ ಮಾಡಿದರು. ಹೆಂಗಸರ ದನಿಯನ್ನು ಯಂತ್ರದಿಂದ ಗಂಡುದನಿಯಾಗಿ ಮಾರ್ಪಡಿಸಿ ಸುದ್ದಿ ಓದಿಸಿದರು. 2018ರ ನವೆಂಬರ್‌ನಲ್ಲಿ ಬಂದೂಕುಧಾರಿಗಳು ಅವರನ್ನು ಕೊಂದರು. ಯಾವ ಪಕ್ಷ ವಹಿಸಿ ಮಾತನಾಡುವಾಗಲೂ ಇಂಥವರು ನಮ್ಮ ವಾದದಿಂದ ಮರೆಯಾಗುತ್ತಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹೊರಗಿನವರು ಏನು ಮಾಡಬೇಕಿತ್ತು?

2013ರ ಆಗಸ್ಟ್ 21ರಂದು ರಾಜಧಾನಿ ಡಮಾಸ್ಕಸ್ಸಿನ ಹೊರವಲಯದ ಘೌಟಾದಲ್ಲಿ ಸರೀನ್ ಎಂಬ ವಿಷಾನಿಲಕ್ಕೆ ನೂರಾರು ಜನ ಬಲಿಯಾದರು. ಎಂಟೇ ದಿನಗಳಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆ ಸೇರಿತು. ಸುಮ್ಮನಿದ್ದರೆ ಸರ್ವಾಧಿಕಾರಿಗಳಿಗೆಲ್ಲ ಧೈರ್ಯ ಬರುತ್ತದೆಂದು ಒಂದು ಪಕ್ಷ. ತಪ್ಪು ಮಾಹಿತಿ ನಂಬಿ 2003ರಲ್ಲಿ ಇರಾಕಿಗೆ ಹೋದದ್ದು ಸಾಲದೇ, ಅಸ್ಸಾದ್ ಬಿದ್ದರೆ ಆ ಕುರ್ಚಿಗೆ ಬರುವವರಾರು ಎಂದು ಇನ್ನೊಂದು ಪಕ್ಷ. ಸೇನಾ ಕ್ರಮದ ಪ್ರಸ್ತಾಪ 285ಕ್ಕೆ 272 ಮತಗಳಿಂದ ಬಿದ್ದುಹೋಯಿತು. ಎರಡು ವರ್ಷದ ನಂತರ, 2015ರ ಡಿಸೆಂಬರ್‌ನಲ್ಲಿ, ಅದೇ ಸಂಸತ್ತು ಸಿರಿಯಾದಲ್ಲಿ ಐಸಿಸ್ ಮೇಲೆ ವಿಮಾನದಾಳಿಗೆ 397ಕ್ಕೆ 223 ಮತಗಳಿಂದ ಒಪ್ಪಿತು. ದೇಶ ಒಂದೇ, ಆದರೆ ಸದನಕ್ಕೆ ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ಭಾರತದ ನಡೆಯೂ ಅಭ್ಯಾಸಯೋಗ್ಯ. 2011 ಮತ್ತು 2012ರಲ್ಲಿ ನಮ್ಮ ದೇಶ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯನಾಗಿತ್ತು. 2011ರ ಅಕ್ಟೋಬರ್‌ನಲ್ಲಿ ಸಿರಿಯಾ ಸರ್ಕಾರವನ್ನು ಖಂಡಿಸುವ ನಿರ್ಣಯ ಬಂದಾಗ, ವಿರೋಧಿಗಳು ನಡೆಸಿದ ಹಿಂಸೆಯನ್ನು ಅದು ಖಂಡಿಸಿಲ್ಲವೆಂಬ ಕಾರಣವನ್ನೂ ನೀಡಿ ಭಾರತ ಮತದಾನದಿಂದ ದೂರ ಉಳಿಯಿತು. 2012ರ ಫೆಬ್ರವರಿಯಲ್ಲಿ ಅರಬ್ ಲೀಗ್‌ನ ಶಾಂತಿ ಯೋಜನೆಯನ್ನು ಬೆಂಬಲಿಸುವ ನಿರ್ಣಯದ ಪರವಾಗಿ ಮತ ಹಾಕಿತು. ಎರಡು ನಿರ್ಣಯಗಳಿಗೂ ರಷ್ಯಾ ಮತ್ತು ಚೀನಾ ವೀಟೋ ಹಾಕಿದವು. ಇದನ್ನು ಚಂಚಲತೆ ಎನ್ನುವಿರೋ, ವಿವೇಚನೆ ಎನ್ನುವಿರೋ? ಇದೇ ಒಂದು ಒಳ್ಳೆಯ ಚರ್ಚಾವಿಷಯ.

ಯುದ್ಧ ಮುಗಿದ ಮೇಲೆ

2011ರ ಮಾರ್ಚ್‌ನಿಂದ ಹತ್ತು ವರ್ಷಗಳಲ್ಲಿ 3,06,887 ನಾಗರಿಕರು ಸತ್ತರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರಲ್ಲಿ ಅಂದಾಜು ಮಾಡಿತು. ಸೈನಿಕರೂ ಬಂಡುಕೋರರೂ ಈ ಲೆಕ್ಕದಲ್ಲಿಲ್ಲ.

ಕಥೆಯ ಕೊನೆ ಎರಡೂ ಪಕ್ಷಗಳ ವಾದವನ್ನು ತೊಡಕಿಗೆ ಸಿಲುಕಿಸುತ್ತದೆ. 2016ರಲ್ಲಿ ಅಲ್ ಖೈದಾ ಸಂಬಂಧ ಕಡಿದುಕೊಂಡೆನೆಂದ ಅದೇ ಜೋಲಾನಿಯ ಪಡೆ 2024ರ ನವೆಂಬರ್ 27ರಂದು ಹೊರಟು ಡಿಸೆಂಬರ್ 8ಕ್ಕೆ ಡಮಾಸ್ಕಸ್ ಸೇರಿತು. ಬಶರ್ ರಷ್ಯಾಕ್ಕೆ ಓಡಿಹೋದರು. ಸಯ್ದನಾಯಾದ ಬಾಗಿಲು ತೆರೆಯಿತು. ಕಳೆದುಹೋದವರ ಭಾವಚಿತ್ರ ಹಿಡಿದು ತಾಯಂದಿರು ಕೋಣೆ ಕೋಣೆ ಹುಡುಕಿದರು. 2025ರ ಜನವರಿಯಲ್ಲಿ ಜೋಲಾನಿ ಅಹ್ಮದ್ ಅಲ್ ಶರಾ ಎಂಬ ತನ್ನ ನಿಜನಾಮದಲ್ಲಿ ಮಧ್ಯಂತರ ಅಧ್ಯಕ್ಷರಾದರು. ಎಲ್ಲ ಸಮುದಾಯಗಳಿಗೂ ರಕ್ಷಣೆಯ ಭರವಸೆ ಕೊಟ್ಟರು. ಆದರೆ ಮಾರ್ಚ್‌ನಲ್ಲಿ, ಅಸ್ಸಾದ್ ಬೆಂಬಲಿಗರು ಭದ್ರತಾಪಡೆಗಳ ಮೇಲೆ ದಾಳಿ ಮಾಡಿದ ನಂತರ, ಕರಾವಳಿಯಲ್ಲಿ ಅಲವಿ ಸಮುದಾಯದ ಮೇಲೆ ಹತ್ಯಾಕಾಂಡ ನಡೆಯಿತು. ಸುಮಾರು 1,400 ಜನ ಸತ್ತರು, ಅವರಲ್ಲಿ ಹೆಚ್ಚಿನವರು ನಾಗರಿಕರು ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ತಿಳಿಸಿತು.

ಸೆರೆಮನೆಯ ಬಾಗಿಲಲ್ಲಿ ನಿಂತ ತಾಯಿಗೆ ‘ಸರ್ವಾಧಿಕಾರಿಯೇ ಇದ್ದಿದ್ದರೆ ವಾಸಿಯಾಗಿತ್ತು’ ಎಂದು ನಾವು ಹೇಳಲಾರೆವು. ಮಗನನ್ನು ಕಳೆದುಕೊಂಡ ಅಲವಿ ತಾಯಿಗೆ ‘ನಿನ್ನ ಭಯಕ್ಕೆ ಆಧಾರವಿರಲಿಲ್ಲ’ ಎಂದೂ ಹೇಳಲಾರೆವು. ವೇದಿಕೆಯ ಮೇಲಿನ ನಮ್ಮ ವಾದ ಈ ಇಬ್ಬರ ಮುಂದೆಯೂ ಹೇಳಬಹುದಾದಂಥದ್ದಾಗಿರಬೇಕು.

ಆದ್ದರಿಂದ, ಮಿತ್ರರೇ, ಮುಂದಿನ ಬಾರಿ ಎದ್ದು ನಿಂತಾಗ ಮೊದಲು ಹೇಳಿ: ನೀವು ಮೂರರಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ, ಯಾವ ವರ್ಷದ ಮಾತಾಡುತ್ತಿದ್ದೀರಿ, ಯಾವ ಗುಂಪಿನ ಬಗ್ಗೆ. ಎದುರಾಳಿಯ ಅತ್ಯಂತ ಬಲವಾದ ಮಾತನ್ನು ನೀವೇ ಮೊದಲು ಹೇಳಿ, ಆಮೇಲೆ ಉತ್ತರಿಸಿ. ಬಹುಮಾನ ಬಂದರೂ ಬಾರದಿದ್ದರೂ ಸಭೆಯಲ್ಲಿ ಕುಳಿತವರು ಏನಾದರೂ ತಿಳಿದುಕೊಂಡು ಮನೆಗೆ ಹೋಗುತ್ತಾರೆ.

ಗುಂಪಿನಲ್ಲಿ ಚರ್ಚಿಸಿ:

1. ಶಾಂತಿಯುತ ಪ್ರತಿಭಟನೆಗೆ ಗುಂಡಿನ ಉತ್ತರ ಬಂದಾಗ ಆಯುಧ ಹಿಡಿಯುವುದು ಸರಿಯೇ? ಅದರ ಬೆಲೆಯನ್ನು ಯಾರು ತೆರುತ್ತಾರೆ?

2. ಬಂಡುಕೋರರಿಗೆ ನೆರವು ಕೊಡದಿದ್ದರೆ ಉಗ್ರಗಾಮಿಗಳು ಬಲಿಯುತ್ತಾರೆ. ಕೊಟ್ಟರೆ ಆಯುಧ ಅವರ ಕೈಗೇ ಸೇರಬಹುದು. ಇದರಿಂದ ಹೊರಬರುವ ದಾರಿ ಯಾವುದು?

3. ಹಿಂದೆ ಉಗ್ರಗಾಮಿಯಾಗಿದ್ದವನು ಆಡಳಿತಗಾರನಾದಾಗ ಅವನನ್ನು ಯಾವ ಮಾತಿನಿಂದ, ಯಾವ ನಡೆಯಿಂದ ಅಳೆಯಬೇಕು?