ಮೊದಲ ಜಿಗಿತಕ್ಕೂ ಮುನ್ನ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಕಡೆ ನೆಲವೆಂದರೆ ಅಡಕೆ ತೋಟ, ಗದ್ದೆ, ಹಳ್ಳ, ನಡುನಡುವೆ ಕರೆಂಟ್ ತಂತಿ. ಸುತ್ತಲೂ ದಟ್ಟ ಕಾಡು. ಇಂಥಲ್ಲಿ ಪ್ಯಾರಾಚೂಟಿನಲ್ಲಿ ಇಳಿಯಬೇಕಾಗಿ ಬಂದ ಪೈಲಟ್ ಏನು ಮಾಡಬೇಕು? ಯುದ್ಧವಿಮಾನದ ಹೆಚ್ಚಿನ ಪೈಲಟ್‌ಗಳು ಅಭ್ಯಾಸಕ್ಕೆಂದು ಆಕಾಶದಿಂದ ಜಿಗಿದವರೇ ಅಲ್ಲ. ವರ್ಷಗಟ್ಟಲೆ ತಯಾರಾದವರು ಅಭ್ಯಾಸದಲ್ಲೇ ಕಾಲು ಮುರಿದುಕೊಂಡರೆ ನಷ್ಟ ದೊಡ್ಡದು. ಹಾಗಾಗಿ ವಿಮಾನ ಕೈಕೊಟ್ಟ ದಿನದ ಜಿಗಿತವೇ ಅವರ ಮೊದಲ ಜಿಗಿತ.

ಆ ಕೊರತೆ ತುಂಬುವುದು ವರ್ಚುವಲ್ ರಿಯಾಲಿಟಿ. ಅಮೆರಿಕದ ‘ಪ್ಯಾರಾಸಿಮ್’ ಎಂಬ ಅಭ್ಯಾಸಯಂತ್ರ ಮೊದಲು ಹುಟ್ಟಿದ್ದು ಕಾಡ್ಗಿಚ್ಚು ಆರಿಸಲು ಪ್ಯಾರಾಚೂಟಿನಲ್ಲಿ ಇಳಿಯುವವರಿಗಾಗಿ. ಆಮೇಲೆ ಸೇನೆಗೂ ಬಂತು. ಚೌಕಟ್ಟಿಗೆ ಕಟ್ಟಿದ ಪಟ್ಟಿಗಳಲ್ಲಿ ಪೈಲಟ್ ನೇತಾಡುತ್ತಾನೆ, ಕಣ್ಣಿಗೆ ಹೆಡ್‌ಸೆಟ್. ತಲೆಯೆತ್ತಿದರೆ ಪ್ಯಾರಾಚೂಟಿನ ಕೊಡೆ, ಬಗ್ಗಿದರೆ ನೆಲ. ಕೊಡೆ ಸರಿಯಾಗಿ ಬಿಚ್ಚಿದೆಯೇ ಎಂದು ನೋಡುವುದು ಮೊದಲ ಕೆಲಸ. ಹಗ್ಗ ಹೊಸೆದುಕೊಂಡಿದ್ದರೆ ಪಟ್ಟಿಗಳನ್ನು ಅಗಲಿಸಿ, ಕಾಲು ಒದ್ದು ಬಿಡಿಸಿಕೊಳ್ಳಬೇಕು. ಗಾಳಿಯ ದಿಕ್ಕನ್ನು ಬೋಧಕ ಪಕ್ಕದ ಪರದೆಯಿಂದಲೇ ಬದಲಿಸುತ್ತಾನೆ.

ಈ ಅಭ್ಯಾಸದಲ್ಲಿ ನನ್ನ ಗಮನ ಹಿಡಿದಿಟ್ಟದ್ದು ಕೊನೆಯ ಕೆಲವು ಸೆಕೆಂಡು. ನೆಲ ಹತ್ತಿರ ಬಂದಾಗ ಕೆಳಗೆ ನೋಡಬಾರದು. ನೋಡಿದರೆ ಕಾಲು ತಾನಾಗಿ ನೆಲಕ್ಕೆ ಚಾಚಿಕೊಳ್ಳುತ್ತದೆ, ಮೂಳೆ ಮುರಿಯಬಹುದು. ಪಾದ ಜೋಡಿಸಿ, ಮಂಡಿ ತುಸು ಮಡಿಸಿ, ದೃಷ್ಟಿಯನ್ನು ದೂರದ ದಿಗಂತದಲ್ಲಿ ನೆಡಬೇಕು. ಮರದ ಮೇಲಾದರೆ ಕಾಲು ಬಿಗಿಯಾಗಿ ಸೇರಿಸಿ, ತೋಳಿನಿಂದ ಮುಖ ಮುಚ್ಚಿಕೊಳ್ಳಬೇಕು. ಶಿಷ್ಯ ಎತ್ತ ನೋಡುತ್ತಿದ್ದಾನೆಂದು ಬೋಧಕನಿಗೆ ಕಾಣುವುದು ಈ ಯಂತ್ರದ ದೊಡ್ಡ ಲಾಭ. ಆದರೆ ಬಿದ್ದು ಉರುಳುವುದನ್ನು ಹೆಡ್‌ಸೆಟ್ ಕಲಿಸದು. ಅದಕ್ಕೆ ಕಟ್ಟೆಯಿಂದ ಮರಳಿಗೆ ಹಾರಲೇಬೇಕು.

ನಮ್ಮಲ್ಲಿ ಪೈಲಟ್‌ಗಳನ್ನು ನೆಲದ ಮೇಲೇ ಆಕಾಶಕ್ಕೆ ಅಣಿಗೊಳಿಸುವ ವಿದ್ಯೆಯ ಮನೆ ಬೆಂಗಳೂರಿನ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. 1957ರಲ್ಲಿ ಶುರುವಾದ ಸಂಸ್ಥೆ. ಎತ್ತರದ ತೆಳು ಗಾಳಿ, ಗಿರಗಿರನೆ ತಿರುಗುವ ವೇಗ ಇವನ್ನೆಲ್ಲ ದೇಹ ಹೇಗೆ ತಾಳುತ್ತದೆಂದು ಇಲ್ಲಿ ಪರೀಕ್ಷಿಸುತ್ತಾರೆ. ಗಗನಯಾನದ ಯಾತ್ರಿಗಳ ವೈದ್ಯಕೀಯ ಆಯ್ಕೆ ನಡೆದದ್ದೂ ಇಲ್ಲೇ.

ವಿಮಾನ ಕೈಕೊಟ್ಟ ದಿನ ನಮ್ಮಲ್ಲೂ ಬಂದಿದೆ: 2023ರ ಜೂನ್ 1ರಂದು ಚಾಮರಾಜನಗರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಇಬ್ಬರೂ ಹೊರಚಿಮ್ಮಿ, ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಬಯಲುಸೀಮೆಯ ಹೊಲ ಅವರನ್ನು ಕಾಯಿತು. ಘಟ್ಟದ ಕಾಡು ಅಷ್ಟು ಉದಾರಿಯಲ್ಲ. ನಮ್ಮ ಪೈಲಟ್‌ಗಳ ಹೆಡ್‌ಸೆಟ್ಟಿನೊಳಗೆ ಪಶ್ಚಿಮಘಟ್ಟದ ಮರದ ತುದಿಗಳೂ ಅಡಕೆ ತೋಟಗಳೂ ಮೂಡಬೇಕು. ಅದನ್ನು ಮಾಡಬಲ್ಲ ಗಣಕ ತಜ್ಞರು ಮಲೆನಾಡಿನ ಮನೆಮನೆಯಿಂದ ಬೆಂಗಳೂರಿಗೆ ಹೋಗಿದ್ದಾರೆ. ವಾಯುಪಡೆ ಅವರನ್ನು ಕರೆದು ಈ ಕೆಲಸ ಒಪ್ಪಿಸಲಿ.