ಮೊದಲ ಸಾಲಿನ ಒಂಟಿ ಅಕ್ಷರ

ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ್ದಾರೆ. ನಾನೊಬ್ಬ ಬಜ್ಪೆಯ ರನ್‌ವೇ ಹುಡುಕುತ್ತ ಕೂತಿದ್ದೇನೆ. ಭೂಪಟದಲ್ಲಲ್ಲ, ಎಕ್ಸ್-ಪ್ಲೇನ್ ಎಂಬ ವಿಮಾನ ಸಿಮ್ಯುಲೇಟರಿನ ಹೊಟ್ಟೆಯೊಳಗೆ. ಲೋಕದ ವಿಮಾನ ನಿಲ್ದಾಣಗಳೆಲ್ಲ ಅದರ ಒಂದು ಫೈಲಿನಲ್ಲಿವೆ ಎಂದು ಕೇಳಿದ್ದೆ. ಹೆಸರು 'ಎಪಿಟಿ ಡಾಟ್ ಡ್ಯಾಟ್'. ತೆರೆದರೆ ಜೇಡರಬಲೆಯಂಥ ಚಿಹ್ನೆಗಳು ಕಾಣುತ್ತವೆ, ಮುಚ್ಚಿ ಮಲಗಿದರಾಯಿತು ಅಂದುಕೊಂಡು ಒಂದು ಬಡಪಾಯಿ ಎಡಿಟರಿನಲ್ಲಿ ತೆರೆದೆ.

ತೆರೆದರೆ ಬರೀ ಅಕ್ಷರ, ಬರೀ ಅಂಕಿ! ಓದಲು ಬರುತ್ತದೆ! ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಸಾಲಿನ ಮೇಲೆ ಸಾಲು. 1 ಎಂದು ಶುರುವಾದರೆ ಒಂದು ವಿಮಾನ ನಿಲ್ದಾಣ, 17 ಎಂದರೆ ಹೆಲಿಪೋರ್ಟ್, 100 ಎಂದರೆ ರನ್‌ವೇ. ರನ್‌ವೇ ಡಾಂಬರಿನದಾದರೆ 1, ಕಾಂಕ್ರೀಟಾದರೆ 2, ಹುಲ್ಲಾದರೆ 3, ಮಣ್ಣಾದರೆ 4. ಎರಡೂ ತುದಿಗಳ ಅಕ್ಷಾಂಶ ರೇಖಾಂಶ. ಕಟ್ಟಕಡೆಗೆ 99 ಎಂದು ಬರೆದಿದ್ದರೆ ಭೂಮಿ ಮುಗಿಯಿತು! ಬಜ್ಪೆ ನಿಲ್ದಾಣದ ಸಂಕೇತ ವಿಓಎಂಎಲ್ ಎಂದು ಹುಡುಕಿದೆ. ಇದೆ. ನಮ್ಮ ಮಂಗಳೂರು ಇದೆ. ಗುಡ್ಡದ ತಲೆ ಸವರಿ ಮಾಡಿದ ಆ ಟೇಬಲ್‌ಟಾಪ್ ರನ್‌ವೇ ಇಲ್ಲಿ ಒಂದೇ ಒಂದು ಸಾಲು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಮಂಗಳೂರಲ್ಲ, ಫೈಲಿನ ಮೊಟ್ಟಮೊದಲ ಸಾಲು. ಅಲ್ಲಿದ್ದುದು ಒಂದೇ ಅಕ್ಷರ. ಇಂಗ್ಲಿಷಿನ 'ಐ'. ಹಿಂದೆ ಮುಂದೆ ಏನೂ ಇಲ್ಲ.

ಕೆದಕುತ್ತ ಹೋದಾಗ ಗೊತ್ತಾಯಿತು: ಐ ಎಂದರೆ ಐಬಿಎಂ. ಅದೇ ಜಾಗದಲ್ಲಿ 'ಎ' ಇದ್ದರೆ ಆ್ಯಪಲ್. ಫೈಲಿನ ಸಾಲುಗಳು ಯಾವ ಯಂತ್ರದ ಪದ್ಧತಿಯಲ್ಲಿ ಮುಗಿಯುತ್ತವೆ ಎಂದು ಓದುವವನಿಗೆ ಬಾಗಿಲಲ್ಲೇ ಹೇಳುವ ಗುರುತು ಅದು. ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿಗೆ ಹೋದವರು ನೆನಪಿಸಿಕೊಳ್ಳಿ. ಸಾಲು ಮುಗಿದಾಗ ಟಿಣ್ ಎಂದು ಗಂಟೆ, ಆಮೇಲೆ ಎಡಗೈಯಲ್ಲಿ ಸನ್ನೆ ತಳ್ಳಿದರೆ ಎರಡು ಕೆಲಸ ಆಗುತ್ತಿತ್ತು: ಕ್ಯಾರೇಜು ಮೊದಲ ಜಾಗಕ್ಕೆ ವಾಪಸು, ಕಾಗದ ಒಂದು ಗೆರೆ ಮೇಲಕ್ಕೆ. ಈ ಎರಡನ್ನೂ ಎರಡು ಅಕ್ಷರಗಳಾಗಿ ಉಳಿಸಿಕೊಂಡದ್ದು ವಿಂಡೋಸ್. ಹಳೆಯ ಮ್ಯಾಕಿಂಟಾಷ್ ಮೊದಲನೆಯದಷ್ಟೇ ಸಾಕು ಎಂದಿತು. ಯೂನಿಕ್ಸು, ಅದರ ದಾರಿ ಹಿಡಿದ ಲಿನಕ್ಸು, ಎರಡನೆಯದಷ್ಟೇ ಸಾಕು ಎಂದವು. ಸಾಲು ಮುಗಿಸುವುದು ಹೇಗೆ ಎಂಬಲ್ಲೇ ಮೂರು ಮನೆತನ ಮೂರು ದಾರಿ! ಇವುಗಳ ನಡುವೆ ಒಂದು ವಿಮಾನ ಹಾರಬೇಕು. ಬರೀ ವಿಮಾನವಲ್ಲ, ಯಾರೋ ಹವ್ಯಾಸಿ ತನ್ನ ಕೋಣೆಯಲ್ಲಿ ಕೂತು ಮಾಡಿದ ಹೊಸ ರೇಡಿಯೋ, ಹೊಸ ರಡಾರು, ಹೊಸ ಮೋಡಗಳೂ ಹಾರಬೇಕು. ಆಡ್-ಆನ್ ಎನ್ನುವುದು ಇವಕ್ಕೇ.

ನಾನು ಈ ಗುಂಗಿಗೆ ಬಿದ್ದದ್ದು ಅಕ್ಕನ ಮಗನಿಂದ. ಅವನದು ಮ್ಯಾಕ್, ನನ್ನದು ಲಿನಕ್ಸ್ ಹಾಕಿದ ಹಳೇ ಯಂತ್ರ. ಅವನು ಪೆನ್‌ಡ್ರೈವಿನಲ್ಲಿ ಅಂಥ ಒಂದು ಆಡ್-ಆನ್‌ನ ಫೋಲ್ಡರು ತಂದುಕೊಟ್ಟ. "ನಿಂದು ನನಗೆಲ್ಲಿ ಓಡತ್ತೋ?" ಎಂದೆ. "ಹಾಗೇ ಹಾಕಿ ಮಾಮಾ, ಓಡತ್ತೆ" ಎಂದ. ಹಾಕಿದೆ. ಓಡಿತು! ಮ್ಯಾಕಿನ ಪ್ರೋಗ್ರಾಮು ಲಿನಕ್ಸಿನಲ್ಲಿ ಓಡುವುದೆಂದರೆ ಡೀಸೆಲ್ ಗಾಡಿಗೆ ಪೆಟ್ರೋಲು ಹಾಕಿ ಊರು ಸುತ್ತಿದ ಹಾಗೆ. ಇದು ಹೇಗೆ ಸಾಧ್ಯ?

ಫೋಲ್ಡರು ಬಿಚ್ಚಿದೆ. ಒಳಗೆ ಅಕ್ಕಪಕ್ಕ ಮೂರು ಫೈಲು: ವಿನ್, ಮ್ಯಾಕ್, ಲಿನ್. ಮೂರಕ್ಕೂ ಒಂದೇ ಬಾಲ, 'ಎಕ್ಸ್‌ಪಿಎಲ್'. ವೇಷ ಕಳಚಿ ನೋಡಿದರೆ ಮೊದಲನೆಯದು ವಿಂಡೋಸಿನ ಡಿಎಲ್‌ಎಲ್, ಎರಡನೆಯದು ಮ್ಯಾಕಿನ ಡೈಲಿಬ್, ಮೂರನೆಯದು ಲಿನಕ್ಸಿನ ಶೇರ್ಡ್ ಆಬ್ಜೆಕ್ಟ್. ಸಿಮ್ಯುಲೇಟರು ತಾನು ಯಾವ ಮನೆಯಲ್ಲಿದ್ದೇನೆ ನೋಡಿಕೊಂಡು ತನ್ನ ಪಾಲಿನದನ್ನು ಎತ್ತಿಕೊಳ್ಳುತ್ತದೆ, ಉಳಿದೆರಡನ್ನು ಮುಟ್ಟುವುದೂ ಇಲ್ಲ. ಹಾಗಾದರೆ ಬರೆಯುವವನು ಮೂರು ಸಲ ಬರೆಯಬೇಕೇ? ಇಲ್ಲ, ಮೂಲ ಬರಹ ಒಂದೇ! ಅದನ್ನೇ ಮೂರು ಕಡೆ ಕಂಪೈಲ್ ಮಾಡಿದರೆ ಸಾಕು. ಬೀಜ ಒಂದು, ಮಣ್ಣು ಮೂರು.

ಈ ಏರ್ಪಾಟಿನ ಹಿಂದೆ ಇರುವವರು ಸ್ಯಾಂಡಿ ಬಾರ್ಬರ್ ಮತ್ತು ಬೆನ್ ಸಪ್ನಿಕ್. ಎಕ್ಸ್-ಪ್ಲೇನ್ ಕಟ್ಟಿದವರು ಅಮೆರಿಕದ ಸೌತ್ ಕೆರೊಲಿನಾದ ಆಸ್ಟಿನ್ ಮೇಯರ್. 1995ರಲ್ಲಿ ಅದು ಹುಟ್ಟಿದ್ದು ಮ್ಯಾಕಿನ ಮೇಲೆ, ವಿಂಡೋಸು ಲಿನಕ್ಸುಗಳಿಗೆ ಬಂದದ್ದು ಆಮೇಲೆ. ಬಾರ್ಬರ್ ಮತ್ತು ಸಪ್ನಿಕ್ ಕಟ್ಟಿದ್ದು ಹೊರಗಿನವರಿಗೊಂದು ಬಾಗಿಲು, ಅಂದರೆ ಪ್ಲಗಿನ್ ಎಸ್‌ಡಿಕೆ. ಒಳಗೆ ಬರುವ ಪ್ಲಗಿನ್ ಐದೇ ಐದು ಮಾತಿಗೆ ಓಗೊಡಲು ಕಲಿತಿರಬೇಕು: ಶುರುವಾಗು, ಎಚ್ಚರಾಗು, ಸುದ್ದಿ ಕೇಳು, ಮಲಗು, ನಿಲ್ಲು. ಅಷ್ಟೇ. ಅದು ಹವಾಮಾನ ಬದಲಿಸುವ ದೈತ್ಯನಿರಲಿ, ಪೆಟ್ರೋಲ್ ಲೆಕ್ಕ ಹಾಕುವ ಗುಮಾಸ್ತನಿರಲಿ, ಇದೇ ಐದು. ಮೂರೂ ಕಡೆ ಇದೇ ಐದು.

ಒಳಗೆ ಬಂದ ಮೇಲೆ ಏನು ಮಾತಾಡುವುದು? ಇಲ್ಲಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ವಿಮಾನದ ಒಂದೊಂದು ಸಂಗತಿಗೂ ಒಂದು ಹೆಸರಿದೆ! 'ಡೇಟಾರೆಫ್' ಎನ್ನುತ್ತಾರೆ. 'ಸಿಮ್/ಫ್ಲೈಟ್‌ಮಾಡೆಲ್/ಪೊಸಿಷನ್/ಲ್ಯಾಟಿಟ್ಯೂಡ್' ಎಂದು ಕೇಳಿದರೆ ಈ ಕ್ಷಣ ನೀವಿರುವ ಅಕ್ಷಾಂಶ ಬರುತ್ತದೆ. ಚಕ್ರಗಳ ಸನ್ನೆ ಮೇಲಿದೆಯೋ ಕೆಳಗಿದೆಯೋ ಕೇಳಿದರೆ 0 ಅಥವಾ 1. ಟ್ಯಾಂಕಿನ ಇಂಧನ, ಗಾಳಿಯ ದಿಕ್ಕು, ಹೊರಗಿನ ತಾಪಮಾನ, ಇಂಥವು ಸಾವಿರಾರು. ನೆನಪಿನ ಯಾವ ಮೂಲೆಯಲ್ಲಿ ಆ ಸಂಖ್ಯೆ ಅಡಗಿದೆ ಎಂದು ನೀವು ತಲೆಕೆಡಿಸಿಕೊಳ್ಳಬೇಕಿಲ್ಲ. ನಮ್ಮಲ್ಲಿ ಬಾಗಿಲ ಸಂಖ್ಯೆ ಗೊತ್ತಿಲ್ಲದಿದ್ದರೂ 'ಅರಳಿಮರದ ಎದುರಿನ ಮೇಷ್ಟ್ರ ಮನೆ' ಎಂದರೆ ಪೋಸ್ಟ್‌ಮ್ಯಾನ್ ಹೋಗಿ ನಿಲ್ಲುತ್ತಿದ್ದನಲ್ಲ, ಹಾಗೆ. ಯಂತ್ರ ಬದಲಾದರೆ ಬಾಗಿಲ ಸಂಖ್ಯೆ ಬದಲಾಗುತ್ತದೆ, ಮೇಷ್ಟ್ರ ಮನೆ ಬದಲಾಗುವುದಿಲ್ಲ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಲೋಕದಲ್ಲಿ ಬಹುಕಾಲ ನಡೆದದ್ದು ಬಾಗಿಲ ಸಂಖ್ಯೆಯ ಪದ್ಧತಿಯೇ. ಪೀಟರ್ ಡೌಸನ್ ಅವರ ಎಫ್‌ಎಸ್‌ಯುಐಪಿಸಿ ಎಂಬ ಸಾಧನದಲ್ಲಿ ಅಕ್ಷಾಂಶ ಬೇಕೆಂದರೆ 0560 ಎಂಬ ಗೂಡಿಗೆ ಕೈಹಾಕಬೇಕು, ರೇಖಾಂಶಕ್ಕೆ 0568. ಹಾರಾಟಗಾರರು ಈ ಸಂಖ್ಯೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಈಗ ಮಜಾ ಕೇಳಿ. ಎಕ್ಸ್-ಪ್ಲೇನಿಗೆಂದು ಎಕ್ಸ್‌ಪಿಯುಐಪಿಸಿ ಎಂಬ ಒಂದು ಪ್ಲಗಿನ್ ಬಂತು. ಅದು ಮಾಡುವುದಿಷ್ಟೇ: ಎಫ್‌ಎಸ್‌ಯುಐಪಿಸಿಯ ವೇಷ ಹಾಕಿಕೊಂಡು ಕೂರುತ್ತದೆ. ಮೈಕ್ರೋಸಾಫ್ಟಿನ ವಿಮಾನಕ್ಕೆಂದು ಬರೆದ ಪ್ರೋಗ್ರಾಮು ಬಂದು 0560 ಎಲ್ಲಿ ಎಂದು ಕೇಳಿದರೆ, ಒಳಗೊಳಗೇ ಮೇಷ್ಟ್ರ ಮನೆ ಹುಡುಕಿ, ಉತ್ತರ ತಂದು ಆ ಗೂಡಿನಲ್ಲಿಡುತ್ತದೆ. ಕೇಳಿದವನಿಗೆ ತಾನು ಬೇರೆಯವರ ವಿಮಾನದಲ್ಲಿ ಕೂತಿದ್ದೇನೆ ಎಂಬ ಸುಳಿವೂ ಇಲ್ಲ! ಯಕ್ಷಗಾನದಲ್ಲಿ ಮಾಯಾ ಶೂರ್ಪನಖಿ ಕೂಡ ಇಷ್ಟು ಚೆನ್ನಾಗಿ ನಂಬಿಸಲಾರಳು.

ಎಲ್ಲ ಸಲೀಸು ಎಂದುಕೊಳ್ಳಬೇಡಿ. ಒಮ್ಮೆ ನಾನು ಇಳಿಸಿಕೊಂಡ ವಿಮಾನದ ಬಾಲಕ್ಕೆ ಬಣ್ಣವೇ ಬರಲಿಲ್ಲ. ಮೈಯೆಲ್ಲ ಸೊಗಸು, ಬಾಲ ಮಾತ್ರ ಸುಣ್ಣ ಬಳಿದಂತೆ. ಎರಡು ಸಂಜೆ ಹಾಳಾದವು. ಕೊನೆಗೆ ನೋಡಿದರೆ ಚಿತ್ರದ ಫೈಲಿನ ಹೆಸರು ದೊಡ್ಡಕ್ಷರದಲ್ಲಿ ಶುರುವಾಗುತ್ತದೆ, ಅದನ್ನು ಕರೆಯುವ ಸಾಲಿನಲ್ಲಿ ಸಣ್ಣಕ್ಷರವಿದೆ. ವಿಂಡೋಸಿಗೆ ಎರಡೂ ಒಂದೇ, ಮಾಮೂಲಿ ಮ್ಯಾಕಿಗೂ ಒಂದೇ. ಲಿನಕ್ಸು ಮಾತ್ರ ಹಳೇ ಕಾಲದ ಶಿರಸ್ತೇದಾರ, ಅರ್ಜಿಯಲ್ಲಿ ಹೆಸರು ಒಂದಕ್ಷರ ಹೆಚ್ಚುಕಮ್ಮಿಯಾದರೆ ಅಂಥವರು ಯಾರೂ ಇಲ್ಲ ಎಂದುಬಿಡುತ್ತದೆ. ಒಂದಕ್ಷರ ತಿದ್ದಿದೆ, ಬಾಲಕ್ಕೆ ಬಣ್ಣ ಬಂತು.

ಫೋಲ್ಡರುಗಳ ದಾರಿ ಬರೆಯುವುದರಲ್ಲೂ ಇದೇ ಕಥೆ. ವಿಂಡೋಸು ಗೆರೆಯನ್ನು ಹಿಂದಕ್ಕೆ ಓರೆ ಮಾಡುತ್ತದೆ, ಲಿನಕ್ಸು ಮುಂದಕ್ಕೆ. ಹಳೇ ಮ್ಯಾಕು ಓರೆಗೆರೆಯೇ ಬೇಡ ಎಂದು ಎರಡು ಚುಕ್ಕಿ ಇಡುತ್ತಿತ್ತು. ಮ್ಯಾಕ್ ಆ ಚುಕ್ಕಿಯನ್ನು ಬಿಟ್ಟ ಎಷ್ಟೋ ವರ್ಷಗಳ ಮೇಲೂ ಎಕ್ಸ್-ಪ್ಲೇನಿನ ಎಸ್‌ಡಿಕೆ ಮ್ಯಾಕ್ ಪ್ಲಗಿನ್‌ಗಳಿಗೆ ಚುಕ್ಕಿಯ ದಾರಿಯನ್ನೇ ಕೊಡುತ್ತ ಬಂತು, ಹಳಬರು ಎಡವದಿರಲಿ ಎಂದು. ಹೊಸ ಪದ್ಧತಿ ಬೇಕಾದವರು ಬಾಯಿಬಿಟ್ಟು ಕೇಳಬೇಕಿತ್ತು. ಈ ಬಗೆಯ ದಾಕ್ಷಿಣ್ಯ ಸಾಫ್ಟ್‌ವೇರಿನಲ್ಲೂ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ದಾಕ್ಷಿಣ್ಯಕ್ಕೂ ಮಿತಿ ಇದೆ. 2020ರಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ಹಾಕಿದ ಮ್ಯಾಕ್‌ಗಳನ್ನು ತಂದಿತಲ್ಲ, ಆಗ ಅಕ್ಕನ ಮಗನಂಥವರಿಗೆ ವಿಚಿತ್ರ ಇಕ್ಕಟ್ಟು. ಇಂಟೆಲ್ ಚಿಪ್ಪಿನ ಭಾಷೆಯಲ್ಲಿದ್ದ ಹಳೇ ಪ್ರೋಗ್ರಾಮುಗಳನ್ನು ಹೊಸ ಚಿಪ್ಪಿಗೆ ಅನುವಾದಿಸಿ ಕೊಡುವ ದುಭಾಷಿ ಒಬ್ಬನಿದ್ದ, ಹೆಸರು ರೊಸೆಟ್ಟಾ 2. ಆದರೆ ಅವನು ಒಂದು ಪ್ರೋಗ್ರಾಮನ್ನು ಇಡಿಯಾಗಿ ಅನುವಾದಿಸುತ್ತಾನೆ, ಇಲ್ಲವೇ ಮುಟ್ಟುವುದಿಲ್ಲ. ಸಿಮ್ಯುಲೇಟರು ಹೊಸ ಭಾಷೆ, ಒಳಗಿನ ಪ್ಲಗಿನ್ ಹಳೇ ಭಾಷೆ, ಇದು ಆಗದು. ಒಂದೇ ಒಂದು ಹಳೇ ಪ್ಲಗಿನ್ನಿನ ಸಲುವಾಗಿ ಇಡೀ ವಿಮಾನವನ್ನೇ ಹಳೇ ಭಾಷೆಗೆ ಹೊರಳಿಸಿ ಹಾರಿಸಿದವರುಂಟು! ಬಸ್ಸಿನಲ್ಲಿ ಒಬ್ಬ ಅಜ್ಜ ಇದ್ದಾನೆಂದು ಎಲ್ಲರೂ ಹಳಗನ್ನಡ ಮಾತಾಡಿದ ಹಾಗೆ. ಕ್ರಮೇಣ ಎರಡೂ ಭಾಷೆ ಒಂದೇ ಫೈಲಿನಲ್ಲಿರುವ ಪ್ಲಗಿನ್‌ಗಳು ಬಂದವು, ಅಜ್ಜಂದಿರು ಕಡಿಮೆಯಾದರು.

ಚಿತ್ರ ಬರೆಯುವ ವಿದ್ಯೆಯಲ್ಲೂ ಇಂಥದೇ ಪಲ್ಲಟ ಆಯಿತು. 2020ರಲ್ಲೇ, ಎಕ್ಸ್-ಪ್ಲೇನಿನ 11.50 ಆವೃತ್ತಿ ಓಪನ್‌ಜಿಎಲ್ ಎಂಬ ಹಳೇ ಕುಂಚದ ಜೊತೆಗೆ ವಿಂಡೋಸು ಲಿನಕ್ಸುಗಳಲ್ಲಿ ವಲ್ಕನ್, ಮ್ಯಾಕಿನಲ್ಲಿ ಮೆಟಲ್ ಹಿಡಿಯಿತು. ಪ್ಲಗಿನ್‌ಗಳ ಕೈಯಲ್ಲಿ ಇನ್ನೂ ಹಳೇ ಕುಂಚ. ಎರಡರ ನಡುವೆ ಸೇತುವೆ ಕಟ್ಟಿದರು. ಕೆಲವು ಎಎಂಡಿ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಪ್ಲಗಿನ್ ಬರೆದ ಚಿತ್ರಗಳು ಮಿಣುಕತೊಡಗಿದವು. ಕೊನೆಗೆ ಎಕ್ಸ್-ಪ್ಲೇನ್ 12ಕ್ಕೆ ಝಿಂಕ್ ಎಂಬ ಮತ್ತೊಬ್ಬ ದುಭಾಷಿ ಬಂದ. ಅವನು ಓಪನ್‌ಜಿಎಲ್ ಮಾತನ್ನು ವಲ್ಕನ್ ಮಾತಾಗಿಸುತ್ತಾನೆ. ಅವನು ಸಿಮ್ಯುಲೇಟರಿಗೆಂದು ಹುಟ್ಟಿದವನೇ ಅಲ್ಲ, ಲಿನಕ್ಸಿನ ಗ್ರಾಫಿಕ್ಸ್ ಬಳಗದ ಮನೆಮಗ!

ಬೇರೆ ದಾರಿಯಲ್ಲಿ ನಡೆದವರೂ ಇದ್ದಾರೆ. ಫ್ಲೈಟ್‌ಗಿಯರ್ ಎಂಬ ಮುಕ್ತ ಸಿಮ್ಯುಲೇಟರಿನಲ್ಲಿ ವಿಮಾನವೆಂದರೆ ಬಹುಪಾಲು ಬರಹ. ರೆಕ್ಕೆಯ ಅಗಲ, ತೂಕ, ಎಂಜಿನ್ನಿನ ಬಲ ಎಲ್ಲ ಎಕ್ಸ್‌ಎಂಎಲ್ ಸಾಲುಗಳಲ್ಲಿ, ಗುಂಡಿಗಳ ನಡತೆ 'ನಸಾಲ್' ಎಂಬ ಪುಟ್ಟ ಸ್ಕ್ರಿಪ್ಟ್ ಭಾಷೆಯಲ್ಲಿ. ಕಂಪೈಲ್ ಮಾಡುವ ಗೋಜೇ ಇಲ್ಲ, ಹಾಗಾಗಿ ಮೂರು ಫೈಲಿನ ಮಾತೂ ಇಲ್ಲ. ಅದರ ಹಾರಾಟದ ಲೆಕ್ಕ ಮಾಡುವ ಜೆಎಸ್‌ಬಿಸಿಮ್ ಎಂಬ ತುಣುಕು ಎಷ್ಟು ದೂರ ಹೋಯಿತು ಗೊತ್ತೇ? 2020ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಕೃತಕ ಬುದ್ಧಿಮತ್ತೆಗಳಿಗೆ ಯುದ್ಧವಿಮಾನಗಳ ಕಾಳಗ ಏರ್ಪಡಿಸಿತಲ್ಲ, ಆ ಎಫ್-16ಗಳು ಹಾರಿದ್ದು ಇದೇ ಜೆಎಸ್‌ಬಿಸಿಮ್ ಗಾಳಿಯಲ್ಲಿ. ಹವ್ಯಾಸಿಯ ಲ್ಯಾಪ್‌ಟಾಪಿಗೂ ಡಾರ್ಪಾದ ಅಖಾಡಕ್ಕೂ ಒಂದೇ ಗಾಳಿ!

ಅದೇ 2020ರ ಆಗಸ್ಟ್ 18ರಂದು ಬಂದ ಮೈಕ್ರೋಸಾಫ್ಟಿನ ಹೊಸ ಸಿಮ್ಯುಲೇಟರು ಇನ್ನೊಂದು ಚಮತ್ಕಾರ ತಂದಿತು. ಆಡ್-ಆನ್‌ಗಳು ವೆಬ್‌ಅಸೆಂಬ್ಲಿಯಲ್ಲಿರಲಿ ಎಂದಿತು. ವೆಬ್ ಬ್ರೌಸರಿಗೆಂದು ಹುಟ್ಟಿದ, ಯಾವ ಚಿಪ್ಪಿಗೂ ಸೇರದ, ಯಾವ ಚಿಪ್ಪಿಗೂ ಒಗ್ಗಿಸಬಲ್ಲ ನಡುಭಾಷೆ ಅದು. ಕಾಕ್‌ಪಿಟ್ಟಿನ ಪರದೆಗಳಂತೂ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್. ಫ್ಲೈಬೈವೈರ್ ಎಂಬ ಹವ್ಯಾಸಿಗಳ ಗುಂಪು ಉಚಿತವಾಗಿ ಕೊಡುವ ಏರ್‌ಬಸ್ ಎ320 ನಿಯೋ ವಿಮಾನದಲ್ಲಿ ಪರದೆಗಳ ಕೆಲಸ ಟೈಪ್‌ಸ್ಕ್ರಿಪ್ಟಿನದು, ವಿದ್ಯುತ್ತು ಹೈಡ್ರಾಲಿಕ್ಕು ಇತ್ಯಾದಿ ರಸ್ಟ್ ಭಾಷೆಯದು. ಬೆಂಗಳೂರಿನಲ್ಲಿ ಅಂಗಡಿಯ ವೆಬ್‌ಸೈಟ್ ಕಟ್ಟುವ ಹುಡುಗಿಯ ಕೈಯಲ್ಲಿರುವ ವಿದ್ಯೆಯೇ ಏರ್‌ಬಸ್ಸಿನ ಪರದೆಯನ್ನೂ ಬರೆಯುತ್ತದೆ. ಮರುವರ್ಷ ಸಿಮ್ಯುಲೇಟರು ಎಕ್ಸ್‌ಬಾಕ್ಸಿಗೂ ಬಂತು. ಟಿವಿ ಮುಂದೆ ಸೋಫಾದಲ್ಲಿ ಕೂತವರಿಗೆ ಮೊದಮೊದಲು ವೆಬ್‌ಅಸೆಂಬ್ಲಿ ಆಡ್-ಆನ್‌ಗಳು ಸಿಗಲಿಲ್ಲ. ಆಮೇಲೆ ಆ ಬಾಗಿಲೂ ತೆರೆಯಿತು.

ಒಂದು ಹಳೇ ವಿಷಯ ಹೇಳದೆ ಇರಲಾರೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಮೊದಲ ಆವೃತ್ತಿ, ಬ್ರೂಸ್ ಆರ್ಟ್‌ವಿಕ್ ಬರೆದದ್ದು, ಐಬಿಎಂ ಪಿಸಿಗೆ ಬಂದದ್ದು 1982ರಲ್ಲಿ. ಡಾಸ್‌ನ ಹಂಗೂ ಇಲ್ಲದೆ ತನ್ನ ಫ್ಲಾಪಿಯಿಂದ ತಾನೇ ಎದ್ದು, ಯಂತ್ರದ ನರನಾಡಿಗೆ ನೇರ ಕೈಹಾಕುತ್ತಿತ್ತು. ಆಗ ಐಬಿಎಂ ಪಿಸಿಯನ್ನೇ ಹೋಲುವ ಬೇರೆ ಕಂಪನಿಗಳ ಯಂತ್ರಗಳು ಮಾರುಕಟ್ಟೆಗೆ ನುಗ್ಗುತ್ತಿದ್ದವು. ಇವು ನಿಜಕ್ಕೂ ಐಬಿಎಂಗೆ ಸಮವೋ ಎಂದು ಪರೀಕ್ಷಿಸುವುದು ಹೇಗೆ? ಲೋಟಸ್ 1-2-3 ಎಂಬ ಲೆಕ್ಕದ ಪ್ರೋಗ್ರಾಮು ಓಡಿಸಿ ನೋಡುತ್ತಿದ್ದರು, ಆಮೇಲೆ ಫ್ಲೈಟ್ ಸಿಮ್ಯುಲೇಟರ್ ಹಾಕುತ್ತಿದ್ದರು. ವಿಮಾನ ಎದ್ದರೆ ಯಂತ್ರ ಪಾಸು! ಯಾವ ಯಂತ್ರ ಯಾವುದಕ್ಕೆ ಹೊಂದುತ್ತದೆ ಎಂಬುದಕ್ಕೆ ಒಂದು ಕಾಲದಲ್ಲಿ ವಿಮಾನವೇ ಒರೆಗಲ್ಲು. ನನ್ನ ಫೈಲಿನ ಮೊದಲ ಸಾಲಿನಲ್ಲಿ ಇಂದಿಗೂ ನಿಂತಿರುವ ಆ 'ಐ' ಅದೇ ಐಬಿಎಂನದು.

ಮೊನ್ನೆ ಭಾನುವಾರ ಅಕ್ಕನ ಮಗ ಬಂದಿದ್ದ. ಎಕ್ಸ್-ಪ್ಲೇನ್ ತನ್ನ ಸಂಖ್ಯೆಗಳನ್ನು ಮನೆಯ ವೈಫೈ ಮೇಲೆ ಹೊರಗೂ ಎಸೆಯಬಲ್ಲದು, ಯಾವ ಯಂತ್ರ ಬೇಕಾದರೂ ಹಿಡಿದುಕೊಳ್ಳಬಹುದು. ಅವನು ಹಾಲಿನಲ್ಲಿ ಮ್ಯಾಕ್ ಇಟ್ಟುಕೊಂಡು, ಸಂಖ್ಯೆಗಳನ್ನು ಹಿಡಿಯುವ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದು ಕೂತ. ನಾನು ರೂಮಿನಲ್ಲಿ ಲಿನಕ್ಸಿನ ಮೇಲೆ ಬೀಚ್‌ಕ್ರಾಫ್ಟ್ ಬ್ಯಾರನ್ ಹತ್ತಿದೆ. ಘಟ್ಟದ ಕಡೆಯಿಂದ ಬಂದು 24ನೇ ರನ್‌ವೇಗೆ ನೇರ ಮಾಡಿಕೊಂಡೆ. ಎದುರಿಗೆ ದೂರದಲ್ಲಿ ಕಡಲು, ಕೆಳಗೆ ಗುಡ್ಡ, ನಡುವೆ ಆ ಒಂದು ಸಾಲು, 100 ಎಂದು ಶುರುವಾಗುವ ಡಾಂಬರಿನ ಸಾಲು, ದೊಡ್ಡದಾಗುತ್ತ ದೊಡ್ಡದಾಗುತ್ತ ಬರುತ್ತಿದೆ. ನೆಲ ಇನ್ನೇನು ಮುನ್ನೂರು ಅಡಿ. ಹಾಲಿನಿಂದ ಕೂಗು ಬಂತು:

"ಮಾಮಾ, ಇಲ್ಲಿ ಗೇರ್ ಇನ್ನೂ ಸೊನ್ನೆ ಅಂತಿದೆ!"